ಔಷಧಿ ಹಾಕದೆ ಬಿಟ್ಟ ಏಳನೆಯ ಮೆಷಿನ್ನು

ಐರೀನವ್ವ, ಬಿಸಿಲೆ ಕಡೆಯ ತೋಟದ ಆಫೀಸಿನಲ್ಲಿದ್ದ ಮೆಷಿನ್ನಿಗೆ ನಾನು ಆ ಸೀಡಿ ಹಾಕಲಿಲ್ಲ. ಮರೆತು ಅಲ್ಲ. ಗೊತ್ತಾಗದೆಯೂ ಅಲ್ಲ. ಕರೆಂಟ್ ಇತ್ತು, ಮೆಷಿನ್ನು ನೆಟ್ಟಗಿತ್ತು, ನೀವು ಹೇಳಿಕೊಟ್ಟದ್ದೆಲ್ಲ ನನಗೆ ನೆನಪಿತ್ತು. ಬೇಕೆಂದೇ ಹಾಕಲಿಲ್ಲ. ಹಾಕಿದೆ ಎಂದು ನಿಮ್ಮ ಮುಂದೆಯೇ ಹೇಳಿದೆ — ಒಂದು ಸಲ ಅಲ್ಲ, ಮೂರು ಸಲ.

ಇಪ್ಪತ್ತು ವರ್ಷದ ಹತ್ತಿರವಾಯಿತು. ಇದನ್ನು ನಿಮ್ಮೊಬ್ಬರಿಗೇ ಕಾಗದ ಬರೆದು ಹಾಕಬಹುದಿತ್ತು. ಆದರೆ ನಿಮ್ಮ ಹೆಸರು ಕೆಟ್ಟದ್ದು ನಾಲ್ಕು ಜನರ ಮುಂದೆ. ಸರಿಮಾಡುವುದನ್ನು ಮೂಲೆಯಲ್ಲಿ ಕೂತು ಮಾಡಿದರೆ ಅದು ಇನ್ನೊಂದು ಕಳ್ಳತನ. ಅದಕ್ಕೇ ಪತ್ರಿಕೆಯವರಿಗೆ ಕೊಡುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ತಪ್ಪಿದ್ದರೆ ಅವರು ತಿದ್ದಲಿ. ಮಾತನ್ನು ಮಾತ್ರ ತಿದ್ದುವುದು ಬೇಡ ಎಂದು ಹೇಳಿದ್ದೇನೆ. ನಿಮಗೆ ಗೊತ್ತಿರುವ ಸಂಗತಿಗಳನ್ನೂ ಮತ್ತೆ ಹೇಳಬೇಕಾಗುತ್ತದೆ, ಓದುವವರಿಗೆ ತಿಳಿಯಬೇಕಲ್ಲ.

ಸಕಲೇಶಪುರದಲ್ಲಿ ನಮ್ಮ ಕಾಫಿ ಕಂಪನಿಯ ಹೆಡ್ ಆಫೀಸು. ಸುತ್ತ ಆರು ತೋಟ — ಬಾಳ್ಳುಪೇಟೆ ಹತ್ತಿರ ಒಂದು, ಆಲೂರು ಕಡೆ ಎರಡು, ಹೀಗೆ. ನಾನು ಮೊದಲು ಬಿಸಿಲೆ ತೋಟದ ಗ್ಯಾಂಗಿನಲ್ಲಿದ್ದವಳು. ಮಂಡಿ ಕೈಕೊಟ್ಟ ಮೇಲೆ ಹೆಡ್ ಆಫೀಸಿಗೆ ಹಾಕಿದರು: ಕಸ ಗುಡಿಸುವುದು, ಕಾಫಿ ಮಾಡುವುದು, ಕಂಪ್ಯೂಟರ್ ರೂಮಿನ ಬೀಗ ತೆಗೆಯುವುದು, ಹಾಕುವುದು. ಆ ರೂಮಿಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಮೊದಮೊದಲು ಅದು ದೇವರಿಗೆ ಬಿಡುವ ಹಾಗೆ ಎಂದುಕೊಂಡಿದ್ದೆ. ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ನೀವು ಬಂದ ಮೇಲೆ ಕೇಳಿದೆ. "ದೇವರೂ ಇಲ್ಲ ಎಂತದೂ ಇಲ್ಲ ಅಕ್ಕ, ಧೂಳು ಬಾರದ ಹಾಗೆ" ಎಂದಿರಿ. ಮಂಗಳೂರು ಕಡೆಯ ಮಾತು, ಕೇಳಲಿಕ್ಕೆ ಚೆಂದ. ಆ ಆಫೀಸಿನಲ್ಲಿ ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟ ಮೊದಲನೆಯವರು ನೀವು. ಉಳಿದವರು "ನಿಂಗ್ಯಾಕೆ ಅದು" ಅನ್ನುತ್ತಿದ್ದರು.

ನನಗೆ ಯಾಕೆ ಎಂದು ನನಗೂ ಗೊತ್ತಿಲ್ಲ. ಹುಟ್ಟಿನಿಂದ ಹಾಗೇ. ಸಣ್ಣವಳಿದ್ದಾಗ ಅವ್ವ ಅವರೆ ಬೀಜ ಊರಿದರೆ ದಿನಾ ಬೆಳಿಗ್ಗೆ ಕೆದಕಿ ನೋಡುತ್ತಿದ್ದೆ — ಒಳಗೆ ಏನಾಗುತ್ತಿದೆ ಎಂದು. ಒಂದೂ ಬದುಕಲಿಲ್ಲ. ಏಟು ತಿಂದೆ. ಮಾರನೇ ವರ್ಷ ಮತ್ತೆ ಕೆದಕಿದೆ.

ಆ ವರ್ಷ, ಮಳೆಗೆ ಇನ್ನೂ ಎರಡು ಮೂರು ವಾರ ಇರುವಾಗ, ನೀವು ಮ್ಯಾನೇಜರ ರೂಮಿಗೆ ಓಡಿಕೊಂಡು ಹೋದಿರಿ. ಕಂಪ್ಯೂಟರಿಗೆ ಹೊಸ ರೋಗ ಬಂದಿದೆ, ಬೇರೆ ಊರುಗಳಲ್ಲಿ ಆಫೀಸಿಗೆ ಆಫೀಸೇ ನಿಂತುಹೋಗುತ್ತಿದೆ, ಹೆಡ್ ಆಫೀಸಿನದು ಒಂದು, ತೋಟಗಳವು ಆರು, ನಮ್ಮ ಏಳೂ ಸರ್ವರ್ ಮೆಷಿನ್ನುಗಳಿಗೆ ತಕ್ಷಣ ಒಂದು ಪ್ಯಾಚ್ ಹಾಕಬೇಕು ಎಂದಿರಿ. ಫೋನ್ ತಂತಿಯಲ್ಲಿ ಕಳಿಸಿದರೆ ದಿನಗಟ್ಟಲೆ ಹಿಡಿಯುತ್ತದೆ. ಸೀಡಿ ಮಾಡಿಕೊಂಡು ತೋಟ ತೋಟಕ್ಕೆ ಹೋಗಿ ಹಾಕಬೇಕು, ಮೂರು ದಿನದಲ್ಲಿ ಮುಗಿಯಬೇಕು. ನಾನು ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದೆ.

ಮ್ಯಾನೇಜರ್ ನನ್ನ ಕಡೆ ನೋಡಿದರು. "ಒಂಟಿ ಹುಡುಗೀನ ಡ್ರೈವರ್ ಜೊತೆ ಕಳ್ಸಾಕಾಯ್ತದಾ? ನಿಂಗಮ್ಮ, ನೀನೂ ಜೀಪ್ ಹತ್ತು. ಏನೂ ಮುಟ್ಬೇಡ. ಸುಮ್ನೆ ಕೂತ್ಕಾ."

ಹಾಗೆ ನಾನು ಬಂದದ್ದು. ಕಾವಲಿಗೆ.

ಆ ಮೂರು ದಿನ ನನ್ನ ಬದುಕಿನಲ್ಲಿ ತುಂಬ ಖುಷಿಯ ದಿನಗಳು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ನಿಜ. ಜೀಪಿನಲ್ಲಿ ನನ್ನ ಬಾಯಿ ನಿಲ್ಲಲಿಲ್ಲ.

"ಮುಟ್ಟದೇನೆ ರೋಗ ಹೆಂಗವ್ವ ಹತ್ತುತ್ತೆ?"

"ಫೋನ್ ತಂತಿಯಲ್ಲೇ ಬರ್ತದೆ ಅಕ್ಕ. ಮೆಷಿನ್ನಿನೊಳಗೆ ಒಂದು ತೂತು ಉಂಟು, ಅಲ್ಲಿಂದ ನುಗ್ತದೆ. ನಾವು ಆ ತೂತಿಗೆ ತೇಪೆ ಹಾಕುವುದು."

"ಮಾಡ್ದೋರು ತೂತು ಯಾಕ್ ಬಿಟ್ರು?"

"ಅವರಿಗೂ ಗೊತ್ತಿರ್ಲಿಲ್ಲ."

ಡ್ರೈವರ್ ಲೋಕೇಶ ಕನ್ನಡಿಯಲ್ಲಿ ನೋಡಿ ನಕ್ಕ. "ಐರಿನ್ ಮೇಡಂ, ನಿಂಗಮ್ಮಕ್ಕನ ಬಾಯಿಗೊಂದು ತೇಪೆ ಐತಾ ನೋಡಿ ನಿಮ್ಮ ಬ್ಯಾಗಲ್ಲಿ."

"ಮೊದ್ಲು ನಿನ್ ಜೀಪಿಗೆ ಹಾಕ್ಸೋ. ಕಾಲ್ ಕೆಳಗೆ ರಸ್ತೆ ಕಾಣ್ತೈತೆ" ಎಂದೆ. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ.

ರೋಗ ಮಾಡುವವರು ಯಾರು ಎಂದೂ ಕೇಳಿದೆ. ಯಾರೋ ಎಲ್ಲೋ ಕೂತು ಬರೆಯುತ್ತಾರೆ ಎಂದಿರಿ. ಯಾಕೆ ಎಂದೆ. "ಗೊತ್ತಿಲ್ಲ ಅಕ್ಕ. ಏನಾಗ್ತದೆ ನೋಡುವ ಅಂತ ಇರ್ಬಹುದು."

"ಅಷ್ಟಕ್ಕೇನಾ?"

"ಅಷ್ಟಕ್ಕೇ."

ನೀವು ಅದನ್ನು ಬೇಸರದಲ್ಲಿ ಹೇಳಿದ್ದು. ನನಗೆ ಮಾತ್ರ ಆ ಕಾಣದ ಮನುಷ್ಯ ತೋಟದ ಆಳುಗಳ ಲೈನುಮನೆಯಲ್ಲಿ ನನ್ನ ಪಕ್ಕದವನ ಹಾಗೆ ಕಂಡ.

ಮೊದಲ ಎರಡು ಮೆಷಿನ್ನು ನೀವು ಮಾಡುವಾಗ ನೋಡುತ್ತಾ ಕೂತೆ. ಗುಂಡಿ ಒತ್ತಿದರೆ ತಟ್ಟೆಯೊಂದು ನಾಲಿಗೆಯ ಹಾಗೆ ಹೊರಗೆ ಬರುತ್ತದೆ. ಸೀಡಿಯ ಹೊಳೆಯುವ ಮೈ ಕೆಳಗೆ. ಒಳಕ್ಕೆ ತಳ್ಳಿದರೆ ಗುಂಯ್ ಎನ್ನುತ್ತದೆ. ಪರದೆಯ ಮೇಲೆ ಎರಡು ಸಲ ಒತ್ತಬೇಕು, ಒಂದು ಚೌಕ ಬರುತ್ತದೆ, ಅದರಲ್ಲಿ ಎಡಗಡೆಯದನ್ನು ಒತ್ತಬೇಕು. ಆಮೇಲೆ ಹಸಿರು ಪಟ್ಟಿ ನಿಧಾನಕ್ಕೆ ಬೆಳೆಯುತ್ತದೆ. ಅದು ಕೊನೆ ಮುಟ್ಟುವ ತನಕ ಯಾರೂ ಏನೂ ಮುಟ್ಟಬಾರದು. ಕೊನೆಗೆ ಮೆಷಿನ್ನು ತಾನೇ ಆರಿ ತಾನೇ ಹತ್ತಿಕೊಳ್ಳುತ್ತದೆ. ಆಗ ನೀವು ನಿಮ್ಮ ನೀಲಿ ಪುಸ್ತಕದಲ್ಲಿ ಆ ತೋಟದ ಹೆಸರಿನ ಮುಂದೆ ಟಿಕ್ ಹಾಕುತ್ತಿದ್ದಿರಿ.

ಮೂರನೆಯದರಲ್ಲಿ ಕುರ್ಚಿ ಬಿಟ್ಟು ಎದ್ದು, "ಈ ಸಲ ನೀವು ಒತ್ತಿ" ಎಂದಿರಿ. ನಾಲ್ಕನೆಯದನ್ನೂ ನಾನೇ ಮಾಡಿದೆ. ಐದನೆಯದನ್ನು ಮಾಡುವಾಗ ನೀವು ಹೊರಗೆ ಕಟ್ಟೆಯ ಮೇಲೆ ಕೂತು ಹಲಸಿನ ತೊಳೆ ತಿನ್ನುತ್ತಿದ್ದಿರಿ. ಬಂದು ನೋಡಿ, "ನನಗಿಂತ ಚಂದ ಮಾಡ್ತೀರಿ ಮಾರಾಯ್ತಿ" ಎಂದಿರಿ. ಐವತ್ತು ದಾಟಿದ್ದ ನನಗೆ ಅಲ್ಲಿಯ ತನಕ ಯಾರೂ ಅಂಥ ಮಾತು ಹೇಳಿರಲಿಲ್ಲ.

ಮೂರನೇ ದಿನ ಮಧ್ಯಾಹ್ನ ಹೆತ್ತೂರು ಕಡೆಯ ತೋಟದಲ್ಲಿ ಕೆಲಸ ಕೆಟ್ಟಿತು. ಅದು ಆರನೆಯದು. ಪಟ್ಟಿ ಕೊನೆ ಮುಟ್ಟಿತು, ಮೆಷಿನ್ನು ಆರಿತು, ಆದರೆ ಮತ್ತೆ ಹತ್ತಲಿಲ್ಲ. ನೀವು ಮುಚ್ಚಳ ಬಿಚ್ಚಿ ಬೆವರುತ್ತಿದ್ದಿರಿ. ಸಂಜೆ ಐದಕ್ಕೆ ಎಲ್ಲ ತೋಟದ ಮೆಷಿನ್ನುಗಳೂ ಫೋನ್ ತಂತಿಗೆ ಸೇರಿಕೊಂಡು ಆ ದಿನದ ಹಾಜರಿಯನ್ನು ಹೆಡ್ ಆಫೀಸಿಗೆ ಕಳಿಸುತ್ತವೆ. ಅಷ್ಟರೊಳಗೆ ಬಿಸಿಲೆಯದೂ ಮುಗಿಯಬೇಕಿತ್ತು. ಗಡಿಯಾರ ನೋಡಿದಿರಿ, ನನ್ನನ್ನು ನೋಡಿದಿರಿ. ಸೀಡಿ ನನ್ನ ಕೈಗೆ ಕೊಟ್ಟಿರಿ.

"ಅಕ್ಕ, ನೀವು ಹೋಗಿ. ನಿಮಗೆ ಬರ್ತದೆ."

ದಾರಿಯಲ್ಲಿ ತೋಟಗಳಲ್ಲಿ ಔಷಧಿ ಹೊಡೆಯುತ್ತಿದ್ದರು. ಮಳೆಗೆ ಮುಂಚೆ ಕಾಫಿ ಎಲೆಗೆ ಮೈಲುತುತ್ತ, ಸುಣ್ಣ ಕಲೆಸಿ ಹೊಡೆಯುತ್ತಾರೆ, ತುಕ್ಕುರೋಗ ಬರಬಾರದು ಎಂದು. ನಾನೂ ಎಷ್ಟೋ ವರ್ಷ ಆ ಗ್ಯಾಂಗಿಗೆ ನೀರು ಹೊತ್ತವಳು, ಡ್ರಮ್ಮಿನಲ್ಲಿ ಔಷಧಿ ಕಲೆಸಿದವಳು. ಕುಡುಗೋಲು ಅದ್ದಿ ನೋಡುತ್ತಿದ್ದೆವು — ಕಬ್ಬಿಣ ಕೆಂಪಗಾದರೆ ಸುಣ್ಣ ಸಾಲದು ಎಂದು ಲೆಕ್ಕ. ನಮ್ಮ ಮೇಸ್ತ್ರಿಯದು ಇನ್ನೊಂದು ಪದ್ಧತಿ. ಎಲ್ಲ ಗಿಡಕ್ಕೂ ಹೊಡೆದು, ಸಾಲಿನ ಕೊನೆಯ ಒಂದು ಗಿಡವನ್ನು ಹಾಗೇ ಬಿಡುತ್ತಿದ್ದ. "ಇದು ನೋಡಾಕೆ" ಅನ್ನುತ್ತಿದ್ದ. ಮಳೆಗಾಲದಲ್ಲಿ ಆ ಗಿಡದ ಎಲೆ ಉದುರಿ, ಉಳಿದವು ಹಸಿರಾಗಿ ನಿಂತರೆ ಔಷಧಿ ನಿಜ. ಎಲ್ಲವೂ ಒಂದೇ ತರ ನಿಂತರೆ — ಔಷಧಿಯವನು ಮೋಸ ಮಾಡಿದ್ದಾನೋ, ಆ ವರ್ಷ ರೋಗವೇ ಬರಲಿಲ್ಲವೋ, ನೋಡಬೇಕು. ಎಲ್ಲಕ್ಕೂ ಹೊಡೆದುಬಿಟ್ಟರೆ ಗೊತ್ತಾಗುವುದು ಹೇಗೆ? ಒಂದು ಗಿಡದ ಎಲೆ ಹೋದರೆ ಯಾರಪ್ಪನ ಗಂಟೂ ಹೋಗುವುದಿಲ್ಲ. ನನಗೆ ಅದು ಸರಿ ಎಂದೇ ಕಾಣುತ್ತಿತ್ತು. ಈಗಲೂ, ಕಾಫಿ ಗಿಡಕ್ಕೆ, ಸರಿಯೇ.

ಬಿಸಿಲೆ ತೋಟದ ಲೆಕ್ಕ ಬರೆಯುವ ರೈಟರ್ ಪುಟ್ಟಸ್ವಾಮಿ ಔಷಧಿ ಗ್ಯಾಂಗಿನ ಹಿಂದೆ ತೋಟದೊಳಗಿದ್ದ. ಲೋಕೇಶ ಅವನಿಂದ ಬೀಗದಕೈ ತಂದುಕೊಟ್ಟು, ಹಳ್ಳದಲ್ಲಿ ಕಾಲು ತೊಳೆದು ಬರುತ್ತೇನೆ ಎಂದು ಹೋದ. ಒಳಗೆ ನಾನು, ಆ ಮೆಷಿನ್ನು, ಇಬ್ಬರೇ.

ಗುಂಡಿ ಒತ್ತಿದೆ. ತಟ್ಟೆ ಹೊರಗೆ ಬಂತು. ಸೀಡಿಯನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡೆ. ಆಗ ಬಂತು ಆ ಯೋಚನೆ — ಬಂತು ಎನ್ನುವುದೂ ಸುಳ್ಳು, ದಾರಿಯುದ್ದಕ್ಕೂ ಅದು ನನ್ನ ಪಕ್ಕದಲ್ಲೇ ಕೂತಿತ್ತು. ಆರು ಮೆಷಿನ್ನಿಗೆ ಹಾಕಿದ್ದಾಯಿತು. ಇದಕ್ಕೂ ಹಾಕಿದರೆ ಏಳೂ ಚೆನ್ನಾಗಿರುತ್ತವೆ. ಆಗ ಈ ಸೀಡಿ ನಿಜವಾಗಿ ಏನಾದರೂ ಮಾಡುತ್ತದೋ, ಸುಮ್ಮನೆ ಹಸಿರು ಪಟ್ಟಿ ತೋರಿಸುತ್ತದೋ — ಯಾರಿಗೆ ಗೊತ್ತಾಗುತ್ತದೆ? ಆ ರೋಗ ಬಂದರೆ ಹೇಗಿರುತ್ತದೆ? ಮೆಷಿನ್ನು ಕೆಮ್ಮುತ್ತದೆಯೇ, ಬಿಸಿಯಾಗುತ್ತದೆಯೇ...

ಬರೀ ತಟ್ಟೆಯನ್ನೇ ಒಳಕ್ಕೆ ತಳ್ಳಿದೆ. ಸೀಡಿಯನ್ನು ಕವರಿಗೆ ಹಾಕಿಕೊಂಡೆ. ಹಸಿರು ಪಟ್ಟಿಗೆ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ಕೈ ಕಟ್ಟಿಕೊಂಡು ಅದರ ಮುಂದೆ ಕೂತಿದ್ದೆ. ಅದನ್ನು ಯೋಚಿಸಿದರೆ ಈಗಲೂ ಮೈ ಉರಿಯುತ್ತದೆ. ತಪ್ಪು ಮಾಡುತ್ತಿದ್ದೇನೆ ಎಂದು ನನಗೆ ಗೊತ್ತಿಲ್ಲದಿದ್ದರೆ ಅಷ್ಟು ಹೊತ್ತು ನಾಟಕ ಮಾಡುತ್ತಾ ಯಾಕೆ ಕೂರುತ್ತಿದ್ದೆ?

ವಾಪಸ್ ಹೆತ್ತೂರಿಗೆ ಬಂದಾಗ ನಿಮ್ಮ ಮೆಷಿನ್ನು ಹತ್ತಿಕೊಂಡಿತ್ತು. ಮುಖವೆಲ್ಲ ಧೂಳು, ನಗು.

"ಆಯ್ತಾ ಅಕ್ಕ?"

"ಆಯ್ತು ಕಣವ್ವ."

ನೀವು ಪುಸ್ತಕ ತೆಗೆದು ಟಿಕ್ ಹಾಕಿದಿರಿ. ಏಳನೆಯದು. ಇದು ಮೊದಲನೇ ಸುಳ್ಳು.

ಒಂದು ವಾರ ಏನೂ ಆಗಲಿಲ್ಲ. ಹೇಳಿದರೆ ಅಸಹ್ಯಪಡುತ್ತೀರಿ — ನನಗೆ ನಿರಾಸೆಯಾಗುತ್ತಿತ್ತು. ಬಿಸಿಲೆಯಿಂದ ಫೋನ್ ಬಂದಾಗಲೆಲ್ಲ ಪೊರಕೆ ನಿಲ್ಲಿಸಿ ಕಿವಿ ಕೊಡುತ್ತಿದ್ದೆ. ಎಂಟನೇ ದಿನವೋ ಒಂಬತ್ತನೇ ದಿನವೋ ಬಂತು. ಪುಟ್ಟಸ್ವಾಮಿ ಫೋನಿನಲ್ಲಿ ಕಿರುಚುತ್ತಿದ್ದದ್ದು ನನಗೇ ಕೇಳುತ್ತಿತ್ತು: ಮೆಷಿನ್ನು ಪರದೆಯ ಮೇಲೆ ಅರವತ್ತರಿಂದ ಕೆಳಕ್ಕೆ ಎಣಿಸುತ್ತದೆ, ಸೊನ್ನೆಗೆ ಬಂದರೆ ತಾನೇ ಆರಿಹೋಗುತ್ತದೆ, ಹಚ್ಚಿದರೆ ಮತ್ತೆ ಎಣಿಸುತ್ತದೆ. ಬೇರೆ ಆರೂ ಕಡೆ ಏನೂ ಇಲ್ಲ.

ನನಗೆ ಮೊದಲು ಆದದ್ದು ಸಂತೋಷ. ಓಹೋ, ಔಷಧಿ ನಿಜ! ಐರೀನವ್ವ ಹೇಳಿದ್ದು ನಿಜ! ಬಂದರೆ ಹೀಗೆ ಬರುತ್ತದೆ — ಎಣಿಸುತ್ತದೆ! ಎದ್ದು ಓಡಿಬಂದು ನಿಮಗೆ ಹೇಳೋಣ ಎನ್ನಿಸಿತು, ಅವರೆ ಬೀಜ ಮೊಳಕೆ ಬಿಟ್ಟದ್ದನ್ನು ತೋರಿಸುವವಳ ಹಾಗೆ. ಅಂಥ ಹೆಂಗಸು ನಾನು.

ಎಲೆ ಉದುರಿತು, ಈಗ ಔಷಧಿ ಹೊಡೆದರೆ ಚಿಗುರುತ್ತದೆ ಎಂದು ನನ್ನ ಲೆಕ್ಕ. ಆದರೆ ನೀವು ಅಲ್ಲಿಗೆ ಹೋಗುವುದರೊಳಗೆ ಪುಟ್ಟಸ್ವಾಮಿ ಗಾಬರಿಬಿದ್ದು ಪೇಟೆಯಿಂದ ಯಾರೋ ರಿಪೇರಿಯವನನ್ನು ಕರೆಸಿದ್ದ. ಅವನು ಒಳಗಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟು ಹೋದ. ರೋಗವೂ ಹೋಯಿತು, ಉಳಿದದ್ದೂ ಹೋಯಿತು.

ಹೋದದ್ದು ಏನೆಂದು ಓದುವವರಿಗೆ ಹೇಳಬೇಕು. ಬಿಸಿಲೆ ತೋಟದ ಲೈನುಗಳಲ್ಲಿದ್ದ ಹಳೇ ಆಳುಗಳು ಕೆಲಸಕ್ಕೆ ಸೇರಿದ್ದು ಯಾವಾಗ ಎಂಬುದಕ್ಕೆ ಸರಿಯಾದ ದಾಖಲೆ ಇರಲಿಲ್ಲ; ಕೆಲಸ ಬಿಡುವಾಗ ಸಿಗುವ ದುಡ್ಡಿಗೆ ಅದೇ ಲೆಕ್ಕ. ಇದ್ದ ಕಾರ್ಡುಗಳನ್ನು ಗೆದ್ದಲು ತಿಂದಿತ್ತು. ನೀವು ತಿಂಗಳುಗಟ್ಟಲೆ ಲೈನಿನ ಜಗಲಿಗಳಲ್ಲಿ ಕೂತು, "ನಿಮಗೆ ದೊಡ್ಡ ಮಗು ಹುಟ್ಟಿದ್ದು ಹಳೇ ಸೇತುವೆ ಮುರಿದ ವರ್ಷವಾ, ಆಮೇಲಾ?" ಎಂದು ಒಬ್ಬೊಬ್ಬರನ್ನೇ ಕೇಳಿ, ಲೆಕ್ಕ ಹಾಕಿ, ಆ ಮೆಷಿನ್ನಿಗೆ ತುಂಬಿಸಿದ್ದಿರಿ. ಅದರಲ್ಲಿ ನನ್ನ ಹೆಸರೂ ಇತ್ತು. ಇನ್ನೊಂದು ಪ್ರತಿ ತೆಗೆಯುವುದು ಮುಂದಿನ ತಿಂಗಳಿಗೆ ಎಂದಿತ್ತು. ಹಳೇ ಕಾರ್ಡುಗಳನ್ನು ಮ್ಯಾನೇಜರ್ ಮುಂಚೆಯೇ ಸುಡಿಸಿದ್ದರು.

ಅದೆಲ್ಲ ಮಾರನೇ ವರ್ಷ ಮತ್ತೆ ಆಯಿತು. ಜನ ಮತ್ತೆ ಹೇಳಿದರು, ಪುಟ್ಟಸ್ವಾಮಿ ಮತ್ತೆ ಬರೆದುಕೊಂಡ. ನಿಮ್ಮದು ಮಾತ್ರ ಮತ್ತೆ ಆಗಲಿಲ್ಲ.

ಬಿಸಿಲೆಯಿಂದ ಬಂದವರೇ ನೀವು ನನ್ನ ಹತ್ತಿರ ಬಂದಿರಿ. ನಾನು ಲೋಟ ತೊಳೆಯುತ್ತಿದ್ದೆ. ಗದರಲಿಲ್ಲ. ಮೆತ್ತಗೆ ಕೇಳಿದಿರಿ.

"ಅಕ್ಕ, ಅಲ್ಲಿ ಹಾಕಿದ್ದು ಹೌದಲ್ಲ?"

"ಹಾಕ್ದೆ ಕಣವ್ವ. ಹಸಿರು ಪಟ್ಟಿ ಕೊನೆ ಮುಟ್ಟೋಗಂಟ ಅಲ್ಲೇ ಕೂತಿದ್ದೆ. ಆರಿ ಹತ್ಕಂತು."

ಅಷ್ಟೆಲ್ಲ ಹೇಳಬೇಕಾಗಿರಲಿಲ್ಲ. ನೀವು ಕೇಳಿರಲೂ ಇಲ್ಲ. ನಾನೇ ಸೇರಿಸಿದೆ, ಸುಳ್ಳು ಗಟ್ಟಿಯಾಗಿ ನಿಲ್ಲಲಿ ಎಂದು. ನೀವು ತಕ್ಷಣ ನಂಬಿದಿರಿ. "ಹಾಗಾದ್ರೆ ಔಷಧಿಯೇ ಹಿಡಿಯಲಿಲ್ಲ. ಆರು ಕಡೆ ಹಿಡಿದದ್ದು ಇಲ್ಲಿ ಯಾಕೆ ಹಿಡಿಯಲಿಲ್ಲ?" ಎಂದು ನಿಮ್ಮಷ್ಟಕ್ಕೆ ನೀವೇ ಹೇಳಿಕೊಂಡು ಹೋದಿರಿ. ಆಮೇಲೆ ನಾಲ್ಕು ದಿನ ಆ ರೂಮಿನಲ್ಲಿ ಕೂತು ಅದೇ ಸೀಡಿಯನ್ನು ಹಾಕುವುದು, ತೆಗೆಯುವುದು, ಯಾರಿಗೋ ಫೋನು, ಯಾವುದೋ ಪುಸ್ತಕ. ಊಟಕ್ಕೂ ಏಳುತ್ತಿರಲಿಲ್ಲ. ನಾನು ಕಾಫಿ ತಂದಿಡುತ್ತಿದ್ದೆ. ಉತ್ತರವೇ ಲೋಟ ಹಿಡಿದು ನಿಮ್ಮ ಪಕ್ಕ ನಿಂತಿತ್ತು. ನೀವು ಮೆಷಿನ್ನನ್ನು ಅನುಮಾನಿಸಿದಿರಿ, ಸೀಡಿಯನ್ನು ಅನುಮಾನಿಸಿದಿರಿ, ನಿಮ್ಮ ಓದನ್ನೇ ಅನುಮಾನಿಸಿದಿರಿ. ನನ್ನನ್ನು ಮಾತ್ರ ಇಲ್ಲ.

ಐದನೇ ದಿನ ಮ್ಯಾನೇಜರ್ ಇಬ್ಬರನ್ನೂ ಕರೆಸಿದರು. ಪುಟ್ಟಸ್ವಾಮಿಯೂ ಇದ್ದ. ಲೋಕೇಶ ಬಾಗಿಲಲ್ಲಿ.

"ಕಸ ಗುಡಿಸೋಳ ಕೈಲಿ ಸೀಡಿ ಕೊಟ್ಟು ಕಳ್ಸಿದ್ಯೇನಮ್ಮ? ಓದಿರೋಳು ತಾನೆ ನೀನು?"

"ಅವರಿಗೆ ಬರ್ತದೆ ಸರ್. ಮೂರು ಕಡೆ ಅವರೇ ಮಾಡಿದ್ದು. ಆ ಮೂರೂ ಚೆನ್ನಾಗಿಯೇ ಉಂಟು."

"ಇವ್ಳಾ? ಇವ್ಳಿಗೇನ್ ಗೊತ್ತಾಗ್ತದೆ?"

"ನನ್ನಷ್ಟೇ ಗೊತ್ತಾಗ್ತದೆ ಸರ್."

ಮ್ಯಾನೇಜರ್ ನನ್ನ ಕಡೆ ತಿರುಗಿದರು. "ಹಾಕಿದ್ಯೇನೇ?"

ನನ್ನ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತೇ? ಇತ್ತು, ಸ್ವಲ್ಪ. ಆದರೆ ದೊಡ್ಡದು ಅದಲ್ಲ. ನೀವು ಆಗತಾನೇ ಹಾಗೆ ಹೇಳಿದ್ದಿರಿ — ನನ್ನಷ್ಟೇ ಗೊತ್ತಾಗ್ತದೆ. ಅದನ್ನು ಹೇಳಿದ ಮುಖ ಇನ್ನೂ ನನ್ನ ಕಡೆಗೇ ಇತ್ತು. ಆ ಮುಖ ಬದಲಾಗುವುದನ್ನು ನೋಡಲು ನನಗೆ ಧೈರ್ಯ ಬರಲಿಲ್ಲ. ಎಲ್ಲವನ್ನೂ ನೋಡಬೇಕು ಅನ್ನುವವಳಿಗೆ ಅದೊಂದು ಬೇಡವಾಯಿತು.

"ಹಾಕ್ದೆ ಸ್ವಾಮಿ."

"ಕೇಳ್ದ್ಯಾ? ಹಾಕ್ದೆ ಅಂತಾಳೆ. ಏನ್ ಹಾಕಿದ್ಳೋ, ಉಲ್ಟಾ ಹಾಕಿದ್ಳೋ, ಪಾಪ ಅವ್ಳಿಗೇನ್ ತಿಳೀತದೆ. ನೀನು ಕಣ್ಣಲ್ಲಿ ನೋಡ್ದೇ ಟಿಕ್ ಹಾಕಿದ್ಯಲ್ಲ, ಅದನ್ನ ಏನಂತಾರೆ? ಸುಳ್ಳು ದಾಖಲೆ ಅಂತಾರೆ."

ನನ್ನ ದಡ್ಡತನದ ಮೇಲೆ ಎಲ್ಲರಿಗೂ ಅಷ್ಟು ನಂಬಿಕೆ. ಅದರ ಹಿಂದೆ ನಾನು ಬೆಚ್ಚಗೆ ಅಡಗಿಕೊಂಡೆ. ನಾನು ಬುದ್ಧಿ ಉಪಯೋಗಿಸಿಯೇ ಆ ಕೆಲಸ ಮಾಡಿದ್ದು ಎಂದು ಆ ರೂಮಿನಲ್ಲಿ ಯಾರಿಗೂ ಹೊಳೆಯಲೇ ಇಲ್ಲ. ನನಗೆ ಬುದ್ಧಿ ಇದೆ ಎಂದು ವಾದಿಸಿದ ಒಬ್ಬರನ್ನೇ ಕೆಲಸದಿಂದ ತೆಗೆದರು. ಇನ್ನೊಂದು ಕಡೆ ಕೆಲಸಕ್ಕೆ ಬೇಕೆಂದು ನೀವು ಕೇಳಿದ ಕಾಗದವನ್ನೂ ಕೊಡಲಿಲ್ಲ. "ಮಾಡದ ಕೆಲಸಕ್ಕೆ ಟಿಕ್ ಹಾಕಿದವಳು" ಎಂಬ ಮಾತು ಆರೂ ತೋಟಕ್ಕೆ ಹೋಯಿತು.

ಬಸ್‌ಸ್ಟ್ಯಾಂಡಿಗೆ ನಿಮ್ಮ ಟ್ರಂಕು ಹೊತ್ತು ತಂದವಳು ನಾನೇ. ಮಂಗಳೂರು ಬಸ್ಸಿಗೆ ಇನ್ನೂ ಹೊತ್ತಿತ್ತು. ನೀವು ಅಳಲಿಲ್ಲ. "ಕೆಲಸ ಹೋದದ್ದು ಹೋಗಲಿ ಅಕ್ಕ. ಒಂದೇ ಅರ್ಥ ಆಗುದಿಲ್ಲ. ಯಾಕೆ ಹಿಡಿಯಲಿಲ್ಲ?" ಎಂದಿರಿ. ನಾನು ಬಾಯಿ ತೆರೆದೆ. ಬಸ್ಸು ಬಂತು. ಬಸ್ಸಿನ ಮೇಲೆ ಹಾಕುವುದು ಬೇಡ — ಹೇಳಬೇಕು ಅಂದಿದ್ದರೆ ಎರಡೇ ಮಾತು, ಬಸ್ಸು ನಿಂತೇ ಇತ್ತು.

ಆಮೇಲಿನ ವರ್ಷಗಳ ಬಗ್ಗೆ ಹೇಳಲು ಏನೂ ಇಲ್ಲ. ಉಂಡೆ, ಮಲಗಿದೆ, ಮೊಮ್ಮಕ್ಕಳನ್ನು ಆಡಿಸಿದೆ. ಕೊರಗಿ ಸೊರಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆಗಾಗ ನೆನಪಾಗುತ್ತಿತ್ತು, ನೆನಪಾದಾಗ ಎದ್ದು ಬೇರೆ ಕೆಲಸ ಹಿಡಿಯುತ್ತಿದ್ದೆ.

ಹೋದ ತಿಂಗಳು ಬಾಳ್ಳುಪೇಟೆಯಲ್ಲಿ ಲೋಕೇಶ ಸಿಕ್ಕಿದ. ಈಗ ಅವನದು ಸ್ವಂತ ಲಾರಿ. ನಿಮ್ಮ ಕಡೆ ಯಾವುದೋ ಶಾಲೆಗೆ ಬೆಂಚು ಇಳಿಸಲು ಹೋಗಿದ್ದನಂತೆ, ಅಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದವರು ನೀವಂತೆ.

"ನನ್ನ ಕೈ ಹಿಡ್ಕಂಡು ಮಕ್ಕಳ ಮುಂದೆ ಕರ್ಕಂಡೋದ್ರು ಕಣಕ್ಕ. 'ನಾನು ಒಂದು ಮೆಷಿನ್ ಕತೆ ಹೇಳ್ತಾ ಇರ್ತೇನಲ್ಲ, ಆ ಜೀಪ್ ಓಡಿಸಿದ್ದು ಇವರೇ' ಅಂದ್ರು. ಪ್ರತಿ ವರ್ಷ ಹೇಳ್ತಾರಂತೆ. ಏಳು ಮೆಷಿನ್ನಿಗೂ ಸರಿಯಾಗೇ ಔಷಧಿ ಹಾಕಿದ್ವಿ, ಒಂದು ಯಾಕೆ ಹಿಡೀಲಿಲ್ಲ, ಯೋಚ್ನೆ ಮಾಡಿ ಅಂತ. ಒಂದು ಮಗ ಎದ್ದು, 'ಆ ಅಜ್ಜಿ ಹಾಕಿರ್ಲಿಕ್ಕಿಲ್ಲ ಟೀಚರ್' ಅಂತು. ಮೇಡಂ ಗದರಿಸ್ಬುಟ್ರು ಅದ್ನ! 'ಅವರು ಹಾಕಿದೆ ಅಂದ್ರೆ ಹಾಕಿದ್ದೇ, ಬೇರೆ ಕಾರಣ ಹುಡುಕು' ಅಂತ. ನಿಂಗಮ್ಮಕ್ಕ ಹೆಂಗವ್ರೆ ಅಂತ ಎರಡು ಸಲ ಕೇಳಿದ್ರು."

ನಾನು ಟೀ ಅರ್ಧಕ್ಕೇ ಬಿಟ್ಟು ಎದ್ದೆ.

ಮೊದಲು ಹಾಸನಕ್ಕೆ ಹೋದೆ, ಮ್ಯಾನೇಜರ ಮನೆಗೆ. ಅವರಿಗೂ ವಯಸ್ಸಾಗಿದೆ, ಕಿವಿ ಮಂದ. ಹೇಳಿದೆ. ಅವರು ನಕ್ಕರು.

"ಈಗ್ಯಾಕೆ ನಿಂಗಮ್ಮ? ಕಂಪ್ನೀನೇ ಮಾರಿ ಹೋಯ್ತು. ಬೇಕಂತ ಬಿಟ್ಟೆ ಅಂತೀಯಲ್ಲ, ನಿಂಗೆ ಅದೆಲ್ಲ ಎಲ್ಲಿ ತಿಳೀತಿತ್ತು? ಯಾರೋ ಏನೋ ಹೇಳ್ಕೊಟ್ಟವ್ರೆ."

ಆಗ ನಾನು ಅವರ ಮುಂದೆ ನೆಲದ ಮೇಲೆ ಕೂತು ಒಂದೊಂದೇ ಹೇಳಿದೆ. ಯಾವ ಗುಂಡಿ. ಹೊಳೆಯುವ ಮೈ ಯಾವ ಕಡೆ. ಎಷ್ಟು ಸಲ ಒತ್ತಬೇಕು, ಯಾವ ಚೌಕ, ಎಡಕ್ಕೋ ಬಲಕ್ಕೋ. ಪಟ್ಟಿ ಅರ್ಧದಲ್ಲಿ ಒಮ್ಮೆ ನಿಂತ ಹಾಗೆ ಕಾಣುವುದು, ಅದಕ್ಕೆ ಹೆದರಬಾರದು ಎಂಬುದು. ಏಳು ಮೆಷಿನ್ನುಗಳ ಹೆಸರು ನೀವು ಟಿಕ್ ಹಾಕಿದ ಸಾಲಿನಲ್ಲೇ. ಬಿಸಿಲೆಯಲ್ಲಿ ಬರೀ ತಟ್ಟೆ ತಳ್ಳಿದ್ದು, ಯಾಕೆ ತಳ್ಳಿದ್ದು. ಅವರ ನಗು ನಿಂತಿತು. ಬಹಳ ಹೊತ್ತು ನನ್ನನ್ನೇ ನೋಡಿದರು — ಅಷ್ಟು ವರ್ಷ ಕಾಫಿ ಕೊಟ್ಟಿದ್ದೇನೆ, ಹಾಗೆ ನೋಡಿದ್ದು ಅವತ್ತೇ ಮೊದಲು.

"ಹಂಗಾದ್ರೆ ಆ ಹುಡುಗಿ ಹೇಳಿದ್ದು ಸರಿ ಇತ್ತು" ಎಂದರು. "ನಿಂಗೆ ಎಲ್ಲಾ ಗೊತ್ತಿತ್ತು."

"ಗೊತ್ತಿತ್ತು ಸ್ವಾಮಿ. ಬರ್ಕೊಡಿ."

ಅವತ್ತು ಬರೆಯಲಿಲ್ಲ. ಇನ್ನೆರಡು ಸಲ ಹೋದೆ. ಮೂರನೇ ಸಲ ಮೂರು ಸಾಲು ಬರೆದು ಸಹಿ ಹಾಕಿದರು: ಐರಿನ್ ಅವರು ಸುಳ್ಳು ದಾಖಲೆ ಮಾಡಲಿಲ್ಲ, ನಂಬಿಸಿ ಮೋಸ ಮಾಡಿದವಳು ನಿಂಗಮ್ಮ, ತೆಗೆದುಹಾಕಿದ್ದು ತಪ್ಪಾಯಿತು ಎಂದು. ಕೊನೆಯ ಸಾಲು ಬರೆಯುವಾಗ ಪೆನ್ನು ನಿಲ್ಲಿಸಿ ಕೂತಿದ್ದರು. ನಾನು ಏಳಲಿಲ್ಲ.

ಐರೀನವ್ವ, ಆ ಮಗು ಹೇಳಿದ್ದು ಸರಿ. ಅದನ್ನು ಕರೆದು ಹಾಗೆಂದು ಹೇಳಿ. ಕ್ಷಮಿಸಿ ಎಂದು ನಾನು ಕೇಳುವುದಿಲ್ಲ. ನಿಮ್ಮ ಇಪ್ಪತ್ತು ವರ್ಷದ ಯೋಚನೆಯನ್ನು ಯಾವ ಬಾಯಲ್ಲಿ ವಾಪಸ್ ಕೊಡಲಿ.

ಇದು ಅಚ್ಚಾದ ಮೇಲಿನ ಸೋಮವಾರ ಲೋಕೇಶನ ಲಾರಿಯಲ್ಲಿ ಬರುತ್ತೇನೆ. ಮ್ಯಾನೇಜರ ಕಾಗದ ನನ್ನ ಹತ್ತಿರ ಇರುತ್ತದೆ. ಪಾಠ ನಡೆಯುತ್ತಿದ್ದರೆ ಹೊರಗೆ ನಿಂತಿರುತ್ತೇನೆ. ಕರೆದರೆ ಒಳಗೆ ಬಂದು, ಆ ಮಕ್ಕಳ ಮುಂದೆ, ನಿಮ್ಮ ಮುಖ ನೋಡಿಕೊಂಡೇ ಹೇಳುತ್ತೇನೆ. ಕರೆಯದಿದ್ದರೆ ಕಾಗದವನ್ನು ಬಾಗಿಲ ಹತ್ತಿರ ಇಟ್ಟು ಅದೇ ಲಾರಿ ಹತ್ತುತ್ತೇನೆ.

— ನಿಂಗಮ್ಮ